ಪ್ಯಾಕೇಜ್ ಫೈಲ್ ನೋಡದೇ ಪುಶ್ ಮಾಡುವವರಿಗೆ

ಮಾರಾಯ್ರೇ, ಪ್ರಾಜೆಕ್ಟಿಗೆ ಬೇಕಾದ ಪ್ಯಾಕೇಜುಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು) ಪಟ್ಟಿ ಮಾಡುವ ಪ್ಯಾಕೇಜ್ ಡಾಟ್ ಜೇಸನ್ ಫೈಲನ್ನು ತಿದ್ದಿದ ಮೇಲೆ ಒಂದು ಸಲ ಪರೀಕ್ಷಿಸಿ ಪುಶ್ ಮಾಡಲು, ಅಂದರೆ ಎಲ್ಲರ ಕೋಡಿಗೆ ಸೇರಿಸಲು, ಏನು ಕಷ್ಟ? ಕೊನೆಯ ಸಾಲಿಗೆ ಕಾಮಾ ಉಳಿದರೆ, ನಡುವೆ ಕಾಮೆಂಟ್ ಬರೆದರೆ ಪ್ಯಾಕೇಜುಗಳನ್ನು ಇಳಿಸಿಕೊಡುವ ಎನ್‌ಪಿಎಂ ಅಲ್ಲೇ ಎರರ್ ಕೊಟ್ಟು ನಿಲ್ಲುತ್ತದೆ, ಅದು ವಾಸಿ. ನಿಜವಾದ ಕಾಟ ಬಾಯಿಬಿಡದ ತಪ್ಪುಗಳದ್ದು. ಪ್ಯಾಕೇಜುಗಳ ಪಟ್ಟಿಗೆ ‘ಡಿಪೆಂಡೆನ್ಸೀಸ್’ ಎಂಬ ಹೆಸರು ಇರಬೇಕಾದಲ್ಲಿ ‘ಡಿಪೆಂಡೆನ್ಸಿ’ ಅಂತ ಬರೆದರೆ ಇನ್‌ಸ್ಟಾಲ್ ಸಲೀಸಾಗಿ ಮುಗಿಯುತ್ತದೆ, ಅದರೊಳಗಿನ ಒಂದು ಪ್ಯಾಕೇಜೂ ಇಳಿಯುವುದಿಲ್ಲ. ಒಂದೇ ಕೀ (ಹೀಗೆ ಮೌಲ್ಯದ ಮುಂದೆ ಬರೆಯುವ ಹೆಸರು) ಎರಡು ಸಲ ಇದ್ದರೆ ಕೊನೆಯದೇ ಊರ್ಜಿತ, ಮೊದಲಿನದು ಸದ್ದಿಲ್ಲದೆ ಮಾಯ. ಶಿರಸಿಯ ಮಳೆಗಾಲದಲ್ಲಿ ಕರೆಂಟೂ ನೆಟ್ಟೂ ಕೈಕೊಡುವಾಗ, ಇನ್ನೊಬ್ಬರ ಅವಸರಕ್ಕೆ ಇಳಿಸಿದ ಪ್ಯಾಕೇಜುಗಳಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಅಳಿಸಿ ಎಲ್ಲವನ್ನೂ ಮತ್ತೆ ಇಳಿಸಿಕೊಳ್ಳುವುದು ಯಾವ ನ್ಯಾಯ? ನಿಮ್ಮ ಪ್ರಾಜೆಕ್ಟಿನ ವರ್ಷನ್ನಿಗೆ 1.0 ಸಾಲದು, 1.0.0 ಬೇಕು. ಇಳಿಸಬೇಕಾದ ನಿಖರ ವರ್ಷನ್ನುಗಳನ್ನು ಬರೆದಿಡುವ ಲಾಕ್ ಫೈಲನ್ನೂ ಜೊತೆಗೇ ಕಮಿಟ್ ಮಾಡಿ. ಎರಡೂ ಫೈಲು ತಾಳೆಯಾಗದಿದ್ದರೆ, ಲಾಕ್ ಫೈಲಿನಂತೆಯೇ ಇನ್‌ಸ್ಟಾಲ್ ಮಾಡುವ ‘ಎನ್‌ಪಿಎಂ ಸಿಐ’ ಆಜ್ಞೆ ಮುಂದೆ ಹೋಗುವುದೇ ಇಲ್ಲ.