ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಅಂತರಗಂಗೆ

ಕೋಲಾರದವರು ಕೊಡೋದರಲ್ಲಿ ಜಿಪುಣರು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೋಲಾರಮ್ಮನ ಗುಡಿಗೆ ಹೋಗಿ ನೋಡಿ. ಅಲ್ಲಿ ಚೇಳಮ್ಮ ಇದ್ದಾಳೆ. ಚೇಳು ಕಡಿಯದಿರಲಿ ಅಂತ ಕೈ ಮುಗಿದ ಜನ ಕಾಣಿಕೆ ಹಾಕುವುದು ನೆಲದಲ್ಲೇ ಕೊರೆದ ಹುಂಡಿಗೆ. ಸಾವಿರ ವರ್ಷದಿಂದ ಹಾಕುತ್ತಲೇ ಇದ್ದಾರೆ, ಇವತ್ತಿನವರೆಗೂ ಯಾರೂ ಬಗೆದು ನೋಡಿಲ್ಲ ಅನ್ನುವುದು ಊರಿನ ಮಾತು. ರಸೀದಿ ಇಲ್ಲ, ಸಮಿತಿ ಇಲ್ಲ, ಆಡಿಟ್ ಇಲ್ಲ. ಇನ್ನು ಕೆಜಿಎಫ್ ವಿಷಯಕ್ಕೆ ಬಂದರೆ, 2001ರ ಫೆಬ್ರವರಿಯಲ್ಲಿ ಗಣಿಗೆ ಬೀಗ ಬೀಳುವ ತನಕ ನೂರು ವರ್ಷಕ್ಕೂ ಜಾಸ್ತಿ ಕಾಲ ಚಿನ್ನವನ್ನೇ ಅಗೆದು ಬೇರೆ ಊರವರಿಗೆಲ್ಲ ಕೊಟ್ಟು, ಸೈನೈಡ್ ಮಣ್ಣಿನ ದಿಬ್ಬಗಳನ್ನು ಮಾತ್ರ ತನಗೆ ಇಟ್ಟುಕೊಂಡ ಜಿಲ್ಲೆ ಇದು. ದಾನ ಅಂದರೆ ಇನ್ನೇನು?

ಇಂಥ ಜಿಲ್ಲೆಯಲ್ಲಿ ಒಂದು ಚಿತ್ರ ದಾನ ಕೊಡಲು ಹೊರಟರೆ ಏನಾಗಬಹುದು?

ಸುಮ್ನೆ ಅಂದುಕೊಳ್ಳಿ, ಕೋಲಾರಕ್ಕೆ ಒಂದು ಸಾರ್ವಜನಿಕ ಚಿತ್ರಶಾಲೆ ಮಂಜೂರಾಗಿದೆ. ಅಂದುಕೊಳ್ಳೋಕೆ ಟೆಂಡರ್ ಕರೀಬೇಕಾಗಿಲ್ಲ ಅಲ್ವಾ? ಕಟ್ಟಡ ಇಲ್ಲ. ಜಾಗ ಇದೆ, ಜಾಗದ ಮೇಲೆ ಕೇಸೂ ಇದೆ. ದೇಣಿಗೆ ಸಮಿತಿ ಮಾತ್ರ ಪೂರ್ತಿ ತಯಾರು. ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಮೂವರು ಉಪಾಧ್ಯಕ್ಷರು. ಉಪಾಧ್ಯಕ್ಷರು ಮೂವರೂ ಟೊಮೆಟೊ ಮಂಡಿಯವರು. ಚಿತ್ರ ಬಿಡಿಸೋಕೆ ಬರೋರು ಒಬ್ಬರಾದರೂ ಇರಲಿ ಅಂತ ಯಾರೋ ಹೇಳಿದ್ದಕ್ಕೆ ಫ್ಲೆಕ್ಸ್ ಅಂಗಡಿ ಹುಡುಗನನ್ನು ಸೇರಿಸಿಕೊಂಡರು. ಅವನ ಮೊದಲ ಕೃತಿ ಆಗಲೇ ಬಸ್ ಸ್ಟ್ಯಾಂಡ್ ಎದುರು ಪ್ರದರ್ಶನಕ್ಕಿದೆ. ಇಪ್ಪತ್ತಡಿ ಅಗಲ, ಮೂವತ್ತೆರಡು ಮುಖ, ಮೂಲೆಯಲ್ಲಿ ಒಂದು ಬ್ರಷ್.

ಕೊಡೋರಿಗೇನೂ ಬರ ಇಲ್ಲ. ಕ್ವಾರಿಯವರೊಬ್ಬರು ಗ್ರಾನೈಟ್ ಕೊಟ್ಟರು. ಗೋಡೆಗಲ್ಲ, ಹೆಸರು ಕೆತ್ತಿಸೋ ಫಲಕಕ್ಕೆ. ಖಾಲಿ ಸೈಟಿನಲ್ಲಿ ಆ ಫಲಕ ಒಂದೇ ನಿಂತಿದೆ. ‘ಘನ ಉಪಸ್ಥಿತಿ’ ಅಂತ ಶುರುವಾಗಿ ಕೆಳಗಿನ ಹುಲ್ಲಿನವರೆಗೂ ಹೆಸರುಗಳು. ಕೆಲವು ಹೆಸರು ಹುಲ್ಲಿನೊಳಗೂ ಇವೆ. ಅವರು ಬಹುಶಃ ಕಾರ್ಯಕರ್ತರು. ಇನ್ನೊಬ್ಬರು ಐವತ್ತು ಪ್ಲಾಸ್ಟಿಕ್ ಕುರ್ಚಿ ಕೊಟ್ಟರು, ಪ್ರತಿ ಕುರ್ಚಿಯ ಬೆನ್ನಿಗೂ ತಂದೆಯವರ ಹೆಸರು ಬರೆಸಿ. ಚಿತ್ರವನ್ನು ನಿಂತು ನೋಡೋದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಮಾಜಿಯೊಬ್ಬರು ತಮ್ಮದೇ ಆಳೆತ್ತರದ ತೈಲಚಿತ್ರ ಕೊಟ್ಟರು. ಜೊತೆಗೆ ಒಂದು ಷರತ್ತು: ಬಾಗಿಲು ದಾಟಿದ ಕೂಡಲೇ ಕಾಣುವ ಹಾಗೆ ಹಾಕಬೇಕು, ಯಾವ ಕಾಲಕ್ಕೂ ತೆಗೆಯಬಾರದು. ಷರತ್ತು ಹಾಕಿ ಕೊಡುವ ಚಿತ್ರ ಅಂದರೆ ಮ್ಯೂಸಿಯಂನವರು ಬೇರೆ ಕಡೆ ಹತ್ತು ಸಲ ಯೋಚಿಸುತ್ತಾರೆ. ನಮ್ಮ ಸಮಿತಿ ಚಪ್ಪಾಳೆ ತಟ್ಟಿ ಒಪ್ಪಿಕೊಂಡಿತು. ಬಾಗಿಲು ಯಾವ ದಿಕ್ಕಿಗೆ ಬರುತ್ತೆ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.

ಈ ನಡುವೆ ಒಬ್ಬರು ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು ಬರುತ್ತಾರೆ. ಕೈಯಲ್ಲಿ ಟೊಮೆಟೊ ಕ್ರೇಟು. ಹದಿನೈದು ಕೆಜಿ ಹಣ್ಣು ಹಿಡಿಯುವ ಆ ಕ್ರೇಟಿನಲ್ಲಿ ಇರೋದು ಅವರ ಜೀವಮಾನದ ಜಲವರ್ಣ ಚಿತ್ರಗಳು. ಅಂತರಗಂಗೆಯ ಮೆಟ್ಟಿಲು, ಸೋಮೇಶ್ವರ ದೇವಸ್ಥಾನದ ಕಂಬಗಳು, ಆವಣಿ ಬೆಟ್ಟ, ಸಂಜೆ ಬಿಸಿಲಿಗೆ ಹಳದಿಯಾದ ಕೆಜಿಎಫ್ ದಿಬ್ಬ. ಕೆಲವನ್ನು ಈಗಲೇ ಕೊಡುತ್ತೇನೆ, ಉಳಿದದ್ದನ್ನು ನನ್ನ ಕಾಲಾನಂತರ ತಗೊಳ್ಳಿ ಅಂತ ಅವರ ಆಸೆ.

“ಬಿಲ್ ಎಲ್ಲಿ ಮೇಷ್ಟ್ರೇ?” ಅಂದ ಕೇಸ್ ವರ್ಕರ್.

“ಬಿಲ್ಲು ಎಲ್ಲಿಂದ ಬರುತ್ತಪ್ಪಾ? ನಾನೇ ಬಿಡಿಸಿದ್ದು.”

“ಜಿಎಸ್‌ಟಿ ಬಿಲ್ ಇಲ್ದೆ ಸ್ಟಾಕಿಗೆ ಹೆಂಗೆ ಏರಿಸ್ಲಿ? ಬೆಲೆ ಕಾಲಂ ಖಾಲಿ ಬಿಡೋ ಹಾಗಿಲ್ಲ.”

ಬೆಲೆ ಕಟ್ಟಲು ಉಪಸಮಿತಿ ಆಯಿತು. ಮಂಡಿಯವರು ಹರಾಜು ಕೂಗೋಣ ಅಂದರು, ಬೆಳಗಿನ ಜಾವ ಆದರೆ ಒಳ್ಳೇ ರೇಟು ಬರುತ್ತೆ ಅಂತಲೂ ಹೇಳಿದರು. ಅದು ನಿಯಮಕ್ಕೆ ಹೊಂದಲಿಲ್ಲ. ಕೊನೆಗೆ ಇಂಜಿನಿಯರ್ ಸಾಹೇಬರು ಎಸ್.ಆರ್. ಪುಸ್ತಕ, ಅಂದರೆ ಸರ್ಕಾರಿ ಕಾಮಗಾರಿಯ ದರಪಟ್ಟಿ, ತೆಗೆದರು. ಅದರಲ್ಲಿ ಪೇಂಟಿಂಗ್‌ಗೆ ಚದರ ಮೀಟರಿಗೆ ಇಷ್ಟು ಅಂತ ರೇಟಿದೆ. ಅವರು ಟೇಪು ಹಿಡಿದು ಅಂತರಗಂಗೆಯ ಉದ್ದ ಅಗಲ ಅಳೆದು, “ಒಂದು ಕೋಟೋ, ಎರಡು ಕೋಟೋ? ಪ್ರೈಮರ್ ಹೊಡೆದಿದ್ದೀರಾ?” ಅಂತ ಕೇಳಿದರು. ಮೇಷ್ಟ್ರು ಸುಮ್ಮನಿದ್ದರು. ಒಂದೇ ಕೋಟು ಅಂತ ಬರೆದುಕೊಂಡರು. ಚಿತ್ರಕ್ಕಿಂತ ಫ್ರೇಮಿಗೇ ಜಾಸ್ತಿ ಬೆಲೆ ಬಿತ್ತು. ಫ್ರೇಮಿಗೆ ಬಿಲ್ ಇತ್ತು.

ಆಮೇಲೆ ಡೆಡ್ ಸ್ಟಾಕ್ ರಿಜಿಸ್ಟರು. ಸರ್ಕಾರಿ ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಅದರ ಪರಿಚಯ ಇರುತ್ತೆ. ಆಫೀಸಿನ ಸಾಮಾನುಗಳನ್ನೆಲ್ಲ ನಂಬರ್ ಹಾಕಿ ಬರೆದಿಡೋ ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ಬೆನ್ನು. ಕ್ರಮಸಂಖ್ಯೆ 112: ಸ್ಟೀಲ್ ಬೀರು, ಒಂದು ಬಾಗಿಲು ಇಲ್ಲ. 113: ಅಂತರಗಂಗೆ, ಬಣ್ಣದ್ದು, ಗಾಜು ಸಮೇತ. 114: ವಾಟರ್ ಫಿಲ್ಟರ್, ಕೆಟ್ಟಿದೆ. ನಂಬರ್ ಬಿದ್ದ ಮೇಲೆ ಅದನ್ನು ವಸ್ತುವಿನ ಮೇಲೆ ಬರೆಯಲೇಬೇಕಲ್ಲ. ಅಟೆಂಡರ್ ಬಿಳಿ ಎನಾಮಲ್ ಡಬ್ಬಿ ತಂದು, ಗಾಜು ತೆಗೆದು, ಚಿತ್ರದ ಬಲಗಡೆ ಕೆಳಗೆ ‘ಡಿ.ಎಸ್.ಆರ್. 113’ ಅಂತ ದಪ್ಪಗೆ ಬರೆದ. ಮೇಷ್ಟ್ರ ಸಹಿ ಇದ್ದದ್ದು ಅಲ್ಲೇ.

“ಹಿಂದುಗಡೆ ಬರೀಬಹುದಿತ್ತಲ್ಲಪ್ಪಾ.”

“ಆಡಿಟ್‌ನೋರು ತಿರುಗ್ಸಿ ನೋಡಲ್ಲ ಸಾರ್.”

ಅವನದೂ ತಪ್ಪಿಲ್ಲ. ಬೀರುವಿನ ಮೇಲೂ ಮುಂದುಗಡೆಯೇ ಬರೆದಿದ್ದ. ಆ ರಿಜಿಸ್ಟರಿನ ಪ್ರಕಾರ ವರ್ಷ ಕಳೆದ ಹಾಗೆ ವಸ್ತುವಿನ ಬೆಲೆ ಇಳಿಯುತ್ತೆ, ಒಂದು ದಿನ ನಿರುಪಯುಕ್ತ ಅಂತ ಷರಾ ಬಿದ್ದು ಗುಜರಿಗೆ ಹರಾಜಾಗುತ್ತೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ಚಿತ್ರಗಳು ಈ ರಿಜಿಸ್ಟರಿಗೆ ಸಿಕ್ಕಿದ್ದರೆ ಯಾವತ್ತೋ ತೂಕಕ್ಕೆ ಹೋಗಿರುತ್ತಿದ್ದವು.

ಕೊಡುವವರಿಗೆ ತೆರಿಗೆಯಲ್ಲಾದರೂ ಏನಾದರೂ ಸಿಗುತ್ತಾ ಅಂತ ಮೇಷ್ಟ್ರ ಅಳಿಯ ವಿಚಾರಿಸಿದ. ಆಸ್ಟ್ರೇಲಿಯಾದಲ್ಲಿ ಊರಿನ ಸಾರ್ವಜನಿಕ ಗ್ಯಾಲರಿಗೆ ಚಿತ್ರ ಕೊಟ್ಟರೆ ಇಬ್ಬರು ಮಾನ್ಯತೆ ಪಡೆದವರು ಬೆಲೆ ಕಟ್ಟುತ್ತಾರೆ, ಸಾಮಾನ್ಯವಾಗಿ ಅಷ್ಟು ಮೊತ್ತವನ್ನು ಆದಾಯದಲ್ಲಿ ಕಳೆದುಕೊಳ್ಳಬಹುದು. ಬ್ರಿಟನ್ನಿನಲ್ಲಿ ವಾರಸುದಾರರು ಸತ್ತವರ ಆಸ್ತಿ ಮೇಲಿನ ತೆರಿಗೆಗೆ ಬದಲಾಗಿ ಒಳ್ಳೆಯ ಚಿತ್ರವನ್ನೇ ಸರ್ಕಾರಕ್ಕೆ ಒಪ್ಪಿಸಬಹುದು, ಅದು ಯಾವುದೋ ಊರಿನ ಗ್ಯಾಲರಿ ಸೇರುತ್ತೆ. ನಮ್ಮಲ್ಲಿ ಸತ್ತವರ ಆಸ್ತಿ ಮೇಲಿನ ತೆರಿಗೆಯನ್ನು 1985ರಲ್ಲೇ ತೆಗೆದುಬಿಟ್ಟರು, ಹಾಗಾಗಿ ಆ ದಾರಿ ಇಲ್ಲ. ಉಳಿದದ್ದು ಎಲ್ಲರಿಗೂ 80ಜಿ ಅಂತಲೇ ಗೊತ್ತಿರುವ, ದೇಣಿಗೆ ಮೇಲಿನ ತೆರಿಗೆ ರಿಯಾಯಿತಿ. ಅದು ದುಡ್ಡು ಕೊಟ್ಟವರಿಗೆ, ವಸ್ತು ಕೊಟ್ಟವರಿಗಲ್ಲ. ದುಡ್ಡೂ ನೋಟಿನಲ್ಲಾದರೆ 2000 ರೂಪಾಯಿ ದಾಟುವ ಹಾಗಿಲ್ಲ. ಅಂದರೆ ಮೇಷ್ಟ್ರು ಚಿತ್ರಗಳನ್ನು ಬೆಂಗಳೂರಿನಲ್ಲಿ ಯಾರಿಗಾದರೂ ಮಾರಿ, ಆ ದುಡ್ಡನ್ನು ಚೆಕ್ಕಿನಲ್ಲಿ ಕೊಟ್ಟರೆ ರಿಯಾಯಿತಿ ಕೇಳಬಹುದು. ಆಗ ಚಿತ್ರಶಾಲೆಯಲ್ಲಿ ಚಿತ್ರ ಇರಲ್ಲ, ಅಷ್ಟೇ. ಸಮಿತಿಗೆ ಇದೇ ಅನುಕೂಲ ಅನ್ನಿಸಿತು.

ಯಾರೋ ಧೈರ್ಯ ಮಾಡಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಮಾತು ತೆಗೆದರು. ಅಲ್ಲಿ ಕೇಜ್ರಿವಾಲ್ ಅವರು ತಮ್ಮ ಸಂಗ್ರಹವನ್ನೇ ಕೊಟ್ಟಿದ್ದಾರೆ, ರಷ್ಯಾ ಮೂಲದ ಚಿತ್ರಕಾರ ರೋರಿಕ್ ಅವರು ಕೊಟ್ಟ ಚಿತ್ರಗಳೂ ಇವೆ, ಜನ ಈಗಲೂ ಹೋಗಿ ನೋಡುತ್ತಾರೆ ಅಂತ. “ದೆಹಲಿಯ ಕೇಜ್ರಿವಾಲಾ?” ಅಂದರು ಕಾರ್ಯಾಧ್ಯಕ್ಷರು. ಅವರಲ್ಲ, ಎಚ್.ಕೆ. ಕೇಜ್ರಿವಾಲ್ ಅಂತ ತಿಳಿಸಿ ಹೇಳುವಷ್ಟರಲ್ಲಿ ಬೋಂಡಾ ಬಂತು. ಆ ವಿಷಯ ಅಲ್ಲಿಗೇ ನಿಂತಿತು.

ಈಗ ಉಯಿಲಿನ ಕಥೆ. ಕಾನೂನು ಕೇಳಿದರೆ ಇದರಷ್ಟು ಸುಲಭದ ಕಾಗದ ಇನ್ನೊಂದಿಲ್ಲ. ಬಿಳಿ ಹಾಳೆ ಸಾಕು. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ. ಛಾಪಾ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯ ಅಲ್ಲ. ಮೇಷ್ಟ್ರು ಹಾಗೇ ಬರೆದುಕೊಂಡು ಬಂದರು, ಮುತ್ತಿನಂಥ ಅಕ್ಷರದಲ್ಲಿ. ಸಮಿತಿ ಅದನ್ನು ಹಿಂದುಮುಂದು ತಿರುಗಿಸಿ ನೋಡಿತು. ಚಿತ್ರವನ್ನು ಯಾರೂ ಹೀಗೆ ತಿರುಗಿಸಿ ನೋಡಿರಲಿಲ್ಲ. ವಂಶವೃಕ್ಷ ಬೇಕು ಅಂದರು. ಮಕ್ಕಳ ನಿರಾಕ್ಷೇಪಣಾ ಪತ್ರ, ಮೇಷ್ಟ್ರ ಪಹಣಿ, ಚಿತ್ರದ ನಾಲ್ಕು ದಿಕ್ಕಿನ ಚಕ್ಕುಬಂದಿ ಎಲ್ಲ ಬೇಕು ಅಂದರು. ಚಕ್ಕುಬಂದಿ ಯಾಕೆ ಅಂತ ಕೇಳಿದ್ದಕ್ಕೆ, ಫಾರಂನಲ್ಲಿದೆ ಅಂದರು. ಮೇಷ್ಟ್ರು ಅದನ್ನೂ ಬರೆದುಕೊಟ್ಟರು: ಪೂರ್ವಕ್ಕೆ ಫ್ರೇಮು, ಪಶ್ಚಿಮಕ್ಕೆ ಫ್ರೇಮು, ಉತ್ತರಕ್ಕೆ ಮೊಳೆ, ದಕ್ಷಿಣಕ್ಕೆ ಡಿ.ಎಸ್.ಆರ್. 113.

ಸಮಿತಿಯ ವಕೀಲರು ಬುದ್ಧಿವಂತರು. “ಅವಸರ ಬೇಡ ಮೇಷ್ಟ್ರೇ, ತಾತಗುಣಿ ವಿಷಯ ಗೊತ್ತಲ್ಲ?” ಅಂದರು. ಗೊತ್ತಿತ್ತು. ಬೆಂಗಳೂರಿನ ಹತ್ತಿರದ ತಾತಗುಣಿ ಎಸ್ಟೇಟು ಅದೇ ಸ್ವೆತೊಸ್ಲಾವ್ ರೋರಿಕ್ ಅವರದು. ಅವರು ತೀರಿಕೊಂಡದ್ದು 1993ರಲ್ಲಿ, ಅವರ ಹೆಂಡತಿ, ಚಿತ್ರನಟಿ ದೇವಿಕಾ ರಾಣಿ 1994ರಲ್ಲಿ. ನಾನೂರಕ್ಕೂ ಹೆಚ್ಚು ಎಕರೆ ಎಸ್ಟೇಟು, ಚಿತ್ರಗಳು, ಮಕ್ಕಳಿಲ್ಲ. ಜಾಗ ನಮ್ಮದು ಅಂತ ಬಂದವರಿಗೆ ಮಾತ್ರ ಕೊರತೆ ಇರಲಿಲ್ಲ. ಅಲ್ಲಿ ಆರ್ಟ್ ಗ್ಯಾಲರಿ, ಮ್ಯೂಸಿಯಂ ಮಾಡಬೇಕು ಅಂತ ಸರ್ಕಾರ 1996ರಲ್ಲಿ ಬೇರೆ ಕಾಯ್ದೆಯನ್ನೇ ತಂದಿತು. ಆ ಕಾಯ್ದೆ ಸರಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2011ರಲ್ಲಿ. ಮೇಷ್ಟ್ರು ಮನಸ್ಸಲ್ಲೇ ಲೆಕ್ಕ ಹಾಕಿದರು. “ನಂದು ಒಂದು ಕ್ರೇಟು ಸ್ವಾಮಿ. ಬೇಗ ಮುಗೀಬಹುದು.”

ವಕೀಲರು ನಗಲಿಲ್ಲ. ಇನ್ನೊಂದು ಸಮಾಧಾನ ಹೇಳಿದರು. ಕಟ್ಟಡ ಆಗಿ, ನೋಡಿಕೊಳ್ಳೋಕೆ ಆಗದೇ ಹೋದರೂ ಚಿಂತೆಯಿಲ್ಲ, ಖಾಸಗಿಯವರಿಗೆ ದತ್ತು ಕೊಡಬಹುದು ಅಂದರು. ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಹೀಗೆ ದತ್ತು ಕೊಡುವ ಮಾತು ಬಂದು 2016ರಲ್ಲಿ ಕಲಾವಿದರು ಬೀದಿಗಿಳಿದದ್ದನ್ನು ಮೇಷ್ಟ್ರು ಜ್ಞಾಪಿಸಿದರು. “ಅದು ಬೆಂಗಳೂರು. ನಮ್ಮಲ್ಲಿ ಬೀದಿಗಿಳಿಯೋಕೆ ಕಲಾವಿದರು ಎಷ್ಟು ಜನ ಇದ್ದಾರೆ?” ಅಂದರು ವಕೀಲರು. ಅವರ ಕಣ್ಣು ಫ್ಲೆಕ್ಸ್ ಹುಡುಗನ ಮೇಲಿತ್ತು. ಅವನು ಅಧ್ಯಕ್ಷರ ಹುಟ್ಟುಹಬ್ಬದ ಡಿಸೈನಿನಲ್ಲಿ ಮುಳುಗಿದ್ದ.

ನವೆಂಬರ್ ಬಂತು. ಮೇಷ್ಟ್ರು ಪ್ರತಿ ವರ್ಷದ ಹಾಗೆ ಬ್ಯಾಂಕಿಗೆ ಹೋಗಿ, ಪಿಂಚಣಿಗೋಸ್ಕರ ಜೀವಂತ ಇದ್ದೀನಿ ಅಂತ ಬರೆದುಕೊಟ್ಟು ಬಂದರು. ಮ್ಯಾನೇಜರು ಅವರನ್ನು ಕಣ್ಣಾರೆ ನೋಡಿದರೂ ಕಾಗದ ಇಲ್ಲದೆ ನಂಬಲಿಲ್ಲ. ಅದೇ ಚೀಲ ಹಿಡಿದು ಉಯಿಲಿನ ಕಡತ ಎಲ್ಲಿಗೆ ಬಂತು ಅಂತ ಕೇಳೋಕೆ ಆಫೀಸಿಗೆ ಹೋದರು.

ಕೇಸ್ ವರ್ಕರ್ ಕಡತ ತೆಗೆದ, ಹಾಳೆ ಎಣಿಸಿದ. “ಎಲ್ಲಾ ಸರಿ ಇದೆ ಮೇಷ್ಟ್ರೇ. ಡೆತ್ ಸರ್ಟಿಫಿಕೇಟ್ ಒಂದು ಕಮ್ಮಿ.”

“ಯಾರದ್ದು?”

“ಉಯಿಲು ಬರೆದವರದ್ದು.”

“ಬರೆದಿದ್ದು ನಾನೇ ಅಲ್ವೇನಪ್ಪಾ?”

“ಅದಕ್ಕೇ ನೋಡಿ ಪೆಂಡಿಂಗ್ ಇರೋದು. ಬ್ಯಾಂಕಿನ ಕಾಗದ ಇಲ್ಲಿ ನಡೆಯಲ್ಲ, ಉಲ್ಟಾ ಆಗುತ್ತೆ.” ಅವನು ಒಳ್ಳೇ ಹುಡುಗ, ಹೈಸ್ಕೂಲಿನಲ್ಲಿ ಮೇಷ್ಟ್ರ ಶಿಷ್ಯನೇ. ಕುರ್ಚಿ ಎಳೆದು ಕೂರಿಸಿದ, ಟೀ ತರಿಸಿದ. ಆಮೇಲೆ ದನಿ ತಗ್ಗಿಸಿ, “ನೀವು ಓಡಾಡೋದು ಬೇಡ ಮೇಷ್ಟ್ರೇ, ಕಡತ ನಾನು ಹುಷಾರಾಗಿ ಇಟ್ಟಿರ್ತೀನಿ. ಅದೊಂದು ಆದ್ಮೇಲೆ, ಯಾವುದಾದ್ರೂ ವರ್ಕಿಂಗ್ ಡೇ ನೋಡ್ಕೊಂಡು ನೀವೇ ಬಂದು ಒಂದು ಸಹಿ ಹಾಕಿಬಿಡಿ” ಅಂದ.