ಗೇರ್‌ಬಾಕ್ಸ್ ಇಳಿಸುವ ಮೊದಲು ಎಣ್ಣೆ ನೋಡಿ

ಹೋದ ಮಳೆಗಾಲದಲ್ಲಿ ಕುಂಬಳೆಯಿಂದ ಕಾಸರಗೋಡಿಗೆ ಹೋಗುವಾಗ, ವೇಗ ಅರುವತ್ತರ ಆಸುಪಾಸಿಗೆ ಬಂದು ಆಕ್ಸಿಲರೇಟರನ್ನು ಹದವಾಗಿ ಒತ್ತಿದಾಗಲೆಲ್ಲ ನನ್ನ ಹಳೆಯ ಆಟೋಮ್ಯಾಟಿಕ್ ಕಾರು ಎರಡು ಮೂರು ಸೆಕೆಂಡು ನಡುಗತೊಡಗಿತು. ನಮ್ಮ ರಸ್ತೆಗಳ ಮೇಲಿನ ನಂಬಿಕೆಯಿಂದ ಮೊದಲು ರಸ್ತೆಯನ್ನೇ ಬೈದೆ. ನುಣುಪಾದ ಕಡೆಯಲ್ಲೂ ನಡುಗಿದಾಗ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿನವರು ಬಾನೆಟ್ ಕೂಡ ಎತ್ತದೆ, ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು, ಲಕ್ಷದ ಮೇಲಾಗುತ್ತದೆ ಎಂದರು.

ಬದಿಯಡ್ಕದ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಮಾತ್ರ, "ಇಳಿಸುವುದು ಕೊನೆಗೆ ಮಾಷ್ಟ್ರೇ, ಮೊದಲು ಎಣ್ಣೆ ನೋಡುವ" ಎಂದರು. ಸ್ಕ್ಯಾನರ್ ಹಾಕಿ ಎಂಜಿನ್ನಿನಲ್ಲಿ ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಇಲ್ಲವೆಂದು ಖಾತ್ರಿ ಮಾಡಿಕೊಂಡರು, ಏಕೆಂದರೆ ಅದರ ನಡುಕವೂ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಬಳಿಕ ಕಾರು ನಡುಗುತ್ತಿರುವಾಗಲೇ ಬ್ರೇಕ್ ಪೆಡಲನ್ನು ಸ್ವಲ್ಪವೇ ಮುಟ್ಟಿದರು. ನಡುಕ ತಟ್ಟನೆ ನಿಂತಿತು. ಬ್ರೇಕ್ ಮುಟ್ಟಿದೊಡನೆ ಟಾರ್ಕ್ ಕನ್ವರ್ಟರಿನೊಳಗಿನ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಲಾಕ್‌ಅಪ್ ಕ್ಲಚ್, ಅಂದರೆ ಎರಡನ್ನೂ ನೇರವಾಗಿ ಬೆಸೆಯುವ ಕ್ಲಚ್, ಬಿಟ್ಟುಕೊಳ್ಳುತ್ತದೆಯಾದ್ದರಿಂದ, ನಡುಕದ ಮೂಲ ಆ ಕ್ಲಚ್ ಎಂದು ಅಲ್ಲಿಗೆ ತಿಳಿಯಿತು. ಕೊನೆಗೆ ಬಿಳಿ ಕಾಗದದ ಮೇಲೆ ಗೇರ್‌ಬಾಕ್ಸಿನ ಎರಡು ಹನಿ ಎಣ್ಣೆ ಬಿಟ್ಟರು. ಕೆಂಪಗಿರಬೇಕಾದದ್ದು ಕಷಾಯದ ಬಣ್ಣಕ್ಕೆ ಬಂದಿತ್ತು. ಆದರೆ ಸುಟ್ಟ ವಾಸನೆಯಾಗಲಿ, ಬೆರಳಿಗೆ ಹತ್ತುವ ಲೋಹದ ಪುಡಿಯಾಗಲಿ ಇರಲಿಲ್ಲ. ಅವೆರಡೂ ಇದ್ದಿದ್ದರೆ ಹೊಸ ಎಣ್ಣೆಯಿಂದ ಏನೂ ಆಗುತ್ತಿರಲಿಲ್ಲ. ಎಣ್ಣೆ ಹಾಲು ಬೆರೆತಂತೆ ನಸುಗೆಂಪಾಗಿದ್ದರೆ ನೀರು ಸೇರಿದೆ ಎಂದರ್ಥ, ಆಗ ರೇಡಿಯೇಟರಿನೊಳಗೆ ಈ ಎಣ್ಣೆಯನ್ನು ತಣಿಸುವ ಕೂಲರನ್ನು ಶಂಕಿಸಬೇಕು.

ಹಿಂದಿನ ಮಾಲೀಕರ ಬಿಲ್ಲಿನಲ್ಲಿ "ಎಟಿಎಫ್, 4 ಲೀಟರ್" ಎಂದಷ್ಟೇ ಇತ್ತು. ನನ್ನ ಸಿಟ್ಟೆಲ್ಲ ಈ ಒಂದು ಸಾಲಿನ ಮೇಲೆ. ಎಟಿಎಫ್ (ಆಟೋಮ್ಯಾಟಿಕ್ ಟ್ರಾನ್ಸ್‌ಮಿಶನ್ ಫ್ಲೂಯಿಡ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಎನ್ನುವುದು ಜಾತಿಯ ಹೆಸರೇ ಹೊರತು ಒಂದು ನಿರ್ದಿಷ್ಟ ಎಣ್ಣೆಯ ಹೆಸರಲ್ಲ. ಅದರಲ್ಲಿ ಹಲವು ಬಗೆ: ಹಳೆಯ ಡೆಕ್ಸ್ರಾನ್-3 ದಪ್ಪನೆಯದು; ಟೊಯೊಟಾದ ಡಬ್ಲ್ಯೂಎಸ್, ಡೆಕ್ಸ್ರಾನ್-6 ಮುಂತಾದವು ತೆಳು. ದಪ್ಪಕ್ಕಿಂತಲೂ ಮುಖ್ಯವಾದದ್ದು ಕ್ಲಚ್ ಫಲಕಗಳು ಎಷ್ಟು ಜಾರಿ ಎಷ್ಟು ಹಿಡಿಯಬೇಕೆಂದು ನಿರ್ಧರಿಸುವ ಘರ್ಷಣೆಯ ಗುಣ. ಅದು ತಪ್ಪಿದರೆ ಅಥವಾ ಸವೆದರೆ ಫಲಕ ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಡುಗುತ್ತದೆ. ಹಲ್ಲಿನ ಗೇರುಗಳ ಬದಲು ಬೆಲ್ಟಿನಿಂದ ವೇಗ ಹೊಂದಿಸುವ ಸಿವಿಟಿಯಲ್ಲಂತೂ ಉಕ್ಕಿನ ಬೆಲ್ಟ್ ಜಾರದಂತೆ ಕಾಯುವುದೇ ಆ ಎಣ್ಣೆ, ಅಲ್ಲಿ ಸಾಮಾನ್ಯ ಎಟಿಎಫ್ ಹಾಕುವುದು ಕೈಯಾರೆ ಕೆಡಿಸಿದಂತೆ. ಇನ್ನು ಎಎಂಟಿ ಎಂದರೆ ಕ್ಲಚ್ಚನ್ನೂ ಗೇರನ್ನೂ ಯಂತ್ರವೇ ಬದಲಿಸುವ ಮ್ಯಾನ್ಯುವಲ್ ಗೇರ್‌ಬಾಕ್ಸೇ, ಆ ಗೇರ್‌ಬಾಕ್ಸಿಗೆ ಹಾಕುವುದು ಗೇರ್ ಎಣ್ಣೆ. ಕ್ಲಚ್ ಪೆಡಲ್ ಇಲ್ಲದ್ದೆಲ್ಲವನ್ನೂ ನಾವು ಆಟೋಮ್ಯಾಟಿಕ್ ಎಂದು ಒಂದೇ ತಕ್ಕಡಿಯಲ್ಲಿ ತೂಗುವುದರಿಂದ ಈ ಎಡವಟ್ಟು.

ಗೇರ್‌ಬಾಕ್ಸಿನ ಎಣ್ಣೆಯನ್ನು "ಜೀವಮಾನವಿಡೀ ಬದಲಿಸಬೇಕಿಲ್ಲ" ಎಂಬ ಮಾತನ್ನೂ ನಾನು ನಂಬುವುದಿಲ್ಲ. ಸೆಖೆಯ ದಿನ, ಐದು ಜನ ಕುಳಿತು ಜಾಲ್ಸೂರು ದಾಟಿ ಸಂಪಾಜೆ ಘಾಟಿ ಹತ್ತುವ ಕಾರಿನ ಎಣ್ಣೆ ಎಷ್ಟು ಕಾಯುತ್ತದೆಂದು ಹಾಗೆ ಹೇಳುವವರು ಲೆಕ್ಕ ಹಾಕಿರಲಾರರು.

ಯಂತ್ರದಿಂದ ಫ್ಲಶ್ ಮಾಡಿಸಲು, ಅಂದರೆ ಹಳೆಯ ಎಣ್ಣೆಯನ್ನೆಲ್ಲ ಒಂದೇ ಸಲಕ್ಕೆ ಹೊರದೂಡಿಸಲು, ಮೆಕ್ಯಾನಿಕ್ ಒಪ್ಪಲಿಲ್ಲ. ಒಮ್ಮೆ ಬಸಿದರೆ ಅರ್ಧದಷ್ಟು ಎಣ್ಣೆ ಕನ್ವರ್ಟರ್ ಮುಂತಾದೆಡೆ ಉಳಿಯುವುದರಿಂದ, ಕೈಪಿಡಿಯಲ್ಲಿದ್ದ ಎಣ್ಣೆಯನ್ನೇ ತರಿಸಿ, ನಡುವೆ ಕೆಲವು ದಿನ ಓಡಿಸಿ, ಎರಡು ಬಾರಿ ಬಸಿದು ತುಂಬಿದರು. ಡಿಪ್‌ಸ್ಟಿಕ್ (ಎಣ್ಣೆಯ ಮಟ್ಟ ಅಳೆಯುವ ಕಡ್ಡಿ) ಇಲ್ಲದ ಗೇರ್‌ಬಾಕ್ಸ್ ಆದ್ದರಿಂದ, ಎಣ್ಣೆ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಸಿಯಾದಾಗ, ಎಂಜಿನ್ ಓಡುತ್ತಿರುವಂತೆಯೇ ತಪಾಸಣೆಯ ಬೋಲ್ಟ್ ಬಿಚ್ಚಿ ಮಟ್ಟ ನೋಡಿದರು. ಮೊದಲ ಸಲಕ್ಕೆ ನಡುಕ ಕಡಿಮೆಯಾಯಿತು, ಎರಡನೆಯದಕ್ಕೆ ನಿಂತಿತು. ಈ ಸಲದ ಬಿಲ್ಲಿನಲ್ಲಿ ಎಣ್ಣೆಯ ಪೂರ್ತಿ ಹೆಸರನ್ನೂ ಓಡಿದ ಕಿಲೋಮೀಟರನ್ನೂ ಬರೆಸಿಕೊಂಡು ಕಾರಿನಲ್ಲೇ ಇಟ್ಟಿದ್ದೇನೆ.