ಸ್ಕ್ರೂ ಮೇಲೆ ಭಾರ ಬಿಡಬೇಡಿ

ಗ್ಯಾರೇಜಿನಲ್ಲಿ ವರ್ಕ್‌ಬೆಂಚು (ಕೆಲಸದ ಮೇಜು) ಕಟ್ಟುವ ಬಗ್ಗೆ ಓದಿದ ಲೇಖನವೊಂದರಲ್ಲಿ, ಕಾಲುಗಳಿಗೆ ಅಡ್ಡಪಟ್ಟಿಯನ್ನು ಬರೀ ಸ್ಕ್ರೂ ಹಾಕಿ ಕೂರಿಸಿದರೆ ಸಾಕು ಎಂದಿದೆ. ಇದೊಂದನ್ನು ಒಪ್ಪಲಾಗದು. ಹಾಗೆ ಮಾಡಿದರೆ ಭಾರವೆಲ್ಲ ಸ್ಕ್ರೂಗಳ ಮೇಲೆ ಬೀಳುತ್ತದೆ. ಸುತ್ತಿಗೆಯ ಏಟು ಬಿದ್ದಂತೆಲ್ಲ ತೂತು ಅಗಲವಾಗಿ ಬೆಂಚು ಅಲ್ಲಾಡತೊಡಗುತ್ತದೆ. 90 ಮಿ.ಮೀ. ಚೌಕದ ಕಾಲು ತೆಗೆದುಕೊಂಡು, ಅದರ ತಲೆಯಲ್ಲಿ ಅಡ್ಡಪಟ್ಟಿಯ ದಪ್ಪದಷ್ಟು ಕಚ್ಚು ಕೊರೆದು, ಪಟ್ಟಿ ಮರದ ಮೇಲೆಯೇ ಕೂರುವಂತೆ ಮಾಡಿ. ಆಮೇಲೆ ಪ್ರತಿ ಜೋಡಣೆಗೆ 10 ಮಿ.ಮೀ.ನ ಎರಡು ಬೋಲ್ಟ್, ನಟ್ಟಿನ ಕಡೆ ಅಗಲವಾದ ವಾಷರ್. ಎರಡೂ ಬೋಲ್ಟ್ ಮರದ ಎಳೆಯ ಒಂದೇ ಗೆರೆಯಲ್ಲಿ ಬಂದರೆ ಮರ ಸೀಳಬಹುದು, ಒಂದಕ್ಕೊಂದು ಓರೆಯಾಗಿ ಬರುವಂತೆ ಹಾಕಿ. ಮರ ಒಣಗುತ್ತಾ ಕುಗ್ಗುವುದರಿಂದ ಒಂದೆರಡು ತಿಂಗಳ ನಂತರ ನಟ್ಟುಗಳನ್ನು ಮತ್ತೆ ಬಿಗಿ ಮಾಡಲೇಬೇಕು.

ಬೆಂಚು ಉದ್ದಕ್ಕೆ ಓಲಾಡದಿರಲು ಹಿಂಬದಿಗೆ 12 ಮಿ.ಮೀ. ಪ್ಲೈವುಡ್ ಹಾಳೆ ಬೇಕು. ಅದನ್ನು ಹೊಡೆಯುವ ಮುನ್ನ ಚೌಕಟ್ಟಿನ ಎರಡೂ ಕರ್ಣ ಅಳೆಯಿರಿ. ಅಳತೆ ಸಮ ಬಾರದಿದ್ದರೆ ಸೊಟ್ಟ ಶಾಶ್ವತವಾಗಿ ಉಳಿಯುತ್ತದೆ. ಮೇಲ್ಹಲಗೆಗೆ 18 ಮಿ.ಮೀ. ಪ್ಲೈವುಡ್ ಎರಡು ಪದರ, ನಡುವೆ ಅಂಟು. ಮುಂದಕ್ಕೆ 5 ಸೆಂ.ಮೀ. ಚಾಚಿದ್ದರೆ ಮರವನ್ನು ಬಿಗಿಹಿಡಿಯುವ ಕ್ಲಾಂಪ್ ಕಚ್ಚಿಸಲು ಜಾಗ ಸಿಗುತ್ತದೆ.

ಗ್ಯಾರೇಜಿನ ನೆಲ ಸಾಮಾನ್ಯವಾಗಿ ಬಾಗಿಲ ಕಡೆಗೆ ಇಳಿಜಾರು. ಎತ್ತರ ಹೊಂದಿಸಬಹುದಾದ ತಿರುಪಿನ ಪಾದ ಹಾಕಿದರೆ ಬೆಂಚು ಮಟ್ಟವಾಗಿ ನಿಲ್ಲುತ್ತದೆ, ಕಾಲಿನ ಬುಡ ಕಾಂಕ್ರೀಟಿನ ತೇವವನ್ನೂ ಹೀರುವುದಿಲ್ಲ.